ಬೋಳುಹಂದಿಗೆ ಚುಚ್ಚಿದ ಸೂಜಿ

ಹಿಡಿಕೆ ಬೆಚ್ಚಗಿದೆ, ಇನ್‌ಕ್ಯುಬೇಟರಿನೊಳಗಿನ ಮೂವತ್ತೇಳು ಡಿಗ್ರಿ ಹೊರಗಿನ ತಗಡಿಗೂ ಹತ್ತಿದೆಯೋ ಅಥವಾ ತನ್ನ ಅಂಗೈಯೇ ಸುಡುತ್ತಿದೆಯೋ, ಎಳೆದರೆ ಮುಗಿಯಿತು, ಒಳಗೆ ಎರಡನೆಯ ಹಲಗೆಯ ಮೇಲೆ ನೂರ ನಲವತ್ತೇಳನೆಯ ಬ್ಯಾಕ್ಟೀರಿಯಾದ ತಟ್ಟೆ ಕೂತಿದೆ, ಶುಕ್ರವಾರ ಬೆಳಗಿನ ಎಂಟೂವರೆ, ಇಡಬೇಕಾದಷ್ಟು ಹೊತ್ತು ಇಟ್ಟಾಗಿದೆ, ಆದರೂ ಸೆಲ್ಮಿಯ ಕೈ ಅಲ್ಲೇ ನಿಂತುಬಿಟ್ಟಿದೆ — ಡಾಕ್ಟರ್ ಸೆಟೀನಾ ಬರಲಿ, ಅವರಿಗೆ ಮೊದಲು ಹೇಳಬೇಕು, ಇಲ್ಲ, ಮೊದಲು ನೋಡಿಬಿಡೋಣ, ಚೆನ್ನಾಗಿ ಬಂದಿದ್ದರೆ ಹೇಳುವ ಅಗತ್ಯವೇ ಇಲ್ಲವಲ್ಲ, ಛೆ, ಎಂಥ ಯೋಚನೆ, ಹನ್ನೆರಡು ವರ್ಷ ಈ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಅಂಟು ಕುದಿಸಿ, ತಟ್ಟೆ ತೊಳೆದು ಕಲಿತದ್ದು ಇದೇನಾ. ಮೂವತ್ತೊಂದು ಹಂದಿಗಳು, ಎಲ್ಲವೂ ಬೋಳುಹಂದಿಗಳು, ಮೈಮೇಲೆ ಒಂದು ಕೂದಲಿಲ್ಲದ ಕರಿ ನಾಡಹಂದಿಗಳು, ಮೆರಿದಾ ನಗರದ ಆಚೆಯ ಹಳ್ಳಿಗಳಲ್ಲಿ ಹಿತ್ತಿಲು ಹಿತ್ತಿಲು ಅಲೆದು, ರಮೋನ್ ಮರದ ಸೊಪ್ಪು ತಿಂದು ಮಲಗಿದವುಗಳ ಹಿಂದೆ ಕೈಗವಸು ಹಾಕಿ ಕುಕ್ಕುರುಗಾಲಲ್ಲಿ ಕಾದು ತಂದದ್ದು ಅವುಗಳ ಮಲ, ಅದರಿಂದ ಬೇರ್ಪಡಿಸಿದ್ದು ಇನ್ನೂರ ಹನ್ನೆರಡು ಬ್ಯಾಕ್ಟೀರಿಯಾ, ಜಠರದಂಥ ಆಮ್ಲದಲ್ಲಿ ಮೂರು ಗಂಟೆ ಮುಳುಗಿಸಿದಾಗ ಅರ್ಧಕ್ಕರ್ಧ ಸತ್ತವು, ಪಿತ್ತದಲ್ಲಿ ಇನ್ನಷ್ಟು, ಭೇದಿಯ ರೋಗಾಣುವನ್ನು ಎದುರಿಸಿ ಗೆದ್ದವು ಬೆರಳೆಣಿಕೆಯಷ್ಟು, ಕೊನೆಗೆ ಉಳಿದದ್ದು ಒಂದೇ ಒಂದು, ನೂರ ನಲವತ್ತೇಳು, ದೊಡ್ಡಮ್ಮ ನಸಾರಿಯಾಳ ಹಂದಿ ಚುಲಾಳ ಹೊಟ್ಟೆಯದು — ಚುಲಾ ಅಂದರೆ ಚೆಲುವಿ, ದೊಡ್ಡಮ್ಮ ಬಿಟ್ಟರೆ ಆ ಹಂದಿಯನ್ನು ಚೆಲುವಿ ಅನ್ನುವವರು ಲೋಕದಲ್ಲಿಲ್ಲ — ಹೋದ ಮಳೆಗಾಲ ಊರ ಹಂದಿಮರಿಗಳೆಲ್ಲ ಭೇದಿ ಕಿತ್ತುಕೊಂಡು ಸಾಯುತ್ತಿದ್ದಾಗ ಅವಳ ಎಂಟೂ ಮರಿಗಳು ಬಾಲ ಒಣಗಿಸಿಕೊಂಡು ಓಡಾಡಿದ್ದವು, ಈ ಹಂದಿ ಹೊಟ್ಟೇಲಿ ಏನೋ ಇದೆ ಡಾಕ್ಟ್ರೇ ಎಂದು ಬಾಯಿಬಿಟ್ಟವಳು ತಾನೇ, ಇದನ್ನು ಬೆಳೆಸಿ ಮೇವಿಗೆ ಬೆರೆಸಿದರೆ ಸಾವಿರ ಮರಿ ಬದುಕುತ್ತವೆ ಎಂದು ಹಾರಾಡಿದವಳೂ ತಾನೇ.

ಆ ಸೋಮವಾರ ಹೋಗದಿದ್ದರೆ ಆಗುತ್ತಿತ್ತು. ಸೋಮವಾರವೆಂದ ಮೇಲೆ ಊರಿನ ಎಲ್ಲ ಮನೆಗಳಂತೆ ದೊಡ್ಡಮ್ಮನ ಮನೆಯಲ್ಲೂ ಹಂದಿಮಾಂಸ ಹಾಕಿ ಬೇಯಿಸಿದ ಕರಿಕಾಳು, ಮೇಲೆ ಹೆಚ್ಚಿದ ಮೂಲಂಗಿ, ನಾಲಿಗೆ ಸುಡುವ ಹಬನೇರೊ ಮೆಣಸಿನಕಾಯಿ, ಸೆಲ್ಮಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು, ಎದುರಿಗೆ ದೊಡ್ಡಮ್ಮನ ಅಳಿಯ ವಿಲ್ಬರ್ತ್, ನಗುತ್ತ ನಗುತ್ತಲೇ ಅಂದುಬಿಟ್ಟ, ಅತ್ತೆ, ನಿಮ್ ಚುಲಾ ಈಗ ವಿಜ್ಞಾನಿ ಆಗ್ಬಿಟ್ಳು, ಅವ್ಳ ಕಾಲು ಊದ್ಕೊಂಡಾಗ ನಾನು ಸೂಜಿ ಚುಚ್ಚದೇ ಇದ್ದಿದ್ರೆ ಇಷ್ಟೊತ್ತಿಗೆ ಬಾಣಲೇಲಿರ್ತಿದ್ಳು. ಯಾವ ಸೂಜಿನೋ, ದೊಡ್ಡಮ್ಮನ ಕೈಯಲ್ಲಿದ್ದ ತೊರ್ತಿಯಾ ರೊಟ್ಟಿ ಅಲ್ಲೇ ನಿಂತಿತು. ಜನವರೀಲಿ, ನೀವು ಕಣ್ಣಿನ ಆಪರೇಷನ್‌ಗೆ ಅಂತ ಹೋಗಿದ್ರಲ್ಲ, ಆಗ, ಟೆಟ್ರಾಸೈಕ್ಲಿನ್ ಅಂತ ಆಂಟಿಬಯೋಟಿಕ್ಕು. ಜನವರಿ, ಸೆಲ್ಮಿ ಬೆರಳು ಮಡಚಿದಳು, ಫೆಬ್ರವರಿ, ಮಾರ್ಚ್, ಏಪ್ರಿಲ್, ಚುಲಾಳ ಮಲ ತಂದದ್ದು ಮೇ ತಿಂಗಳಲ್ಲಿ, ಕಡತದಲ್ಲಿ ಆರು ತಿಂಗಳಿಂದ ಯಾವ ಮದ್ದೂ ಹಾಕಿಲ್ಲ ಎಂಬ ಸಾಲಿನ ಕೆಳಗೆ ದೊಡ್ಡಮ್ಮನ ಹೆಬ್ಬೆಟ್ಟು, ನೀಲಿ ಶಾಯಿಯಲ್ಲಿ — ಮದ್ದಿಗೆ ಬಗ್ಗದಿರುವುದನ್ನು ಆ ಬ್ಯಾಕ್ಟೀರಿಯಾ ಕಲಿತುಬಿಟ್ಟಿದ್ದರೆ? ಕಲಿತದ್ದನ್ನು ಪಕ್ಕದ ರೋಗಾಣುವಿಗೆ ಹೇಳಿಕೊಟ್ಟರೆ? ಸಾವಿರ ಮರಿಗಳ ಹೊಟ್ಟೆಯಲ್ಲಿ ಪಾಠಶಾಲೆ ತೆರೆದ ಹಾಗೆ. ಮಂಗಳವಾರ ಹೇಳಲಿಲ್ಲ, ಬುಧವಾರ ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಮದ್ದಿನ ಬಿಲ್ಲೆಗಳನ್ನಿಟ್ಟು — ಮದ್ದು ಕೊಂದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ, ಕೊಲ್ಲದಿದ್ದರೆ ಇಲ್ಲ — ಇನ್‌ಕ್ಯುಬೇಟರಿನ ಬಾಗಿಲು ಮುಚ್ಚುವಾಗಲೂ ಹೇಳಲಿಲ್ಲ, ಗುರುವಾರ ಡಾಕ್ಟರಿಗೆ ತಲೆನೋವಿತ್ತು, ಅದೊಂದು ನೆಪ ಸಿಕ್ಕಿತು.

ಚಪ್ಪಲಿಯ ಸದ್ದು, ಸಿಹಿಬ್ರೆಡ್ಡಿನ ವಾಸನೆ, ಏನಮ್ಮ ಸೆಲ್ಮಿ, ಬಾಗಿಲಿಗೆ ಕಾವು ಕೊಡ್ತಿದೀಯಾ, ಡಾಕ್ಟರ್ ಸೆಟೀನಾ ಚೀಲ ಇಳಿಸುವ ಮೊದಲೇ ಸೆಲ್ಮಿಯ ಬಾಯಿಂದ ಎಲ್ಲ ಬಂದುಬಿಟ್ಟಿತು, ಅಳಿಯ, ಕಾಲು, ಸೂಜಿ, ಜನವರಿ, ಹಿಂದುಮುಂದಾಗಿ, ಹೇಳುತ್ತ ಹೇಳುತ್ತ ಎದೆಯ ಮೇಲಿನ ಅರೆಯುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗೆ, ಇನ್ನು ಕೆಲಸ ಹೋದರೂ ಹೋಗಲಿ. ಡಾಕ್ಟರು ಕನ್ನಡಕ ತೆಗೆದರು, ಯಾವತ್ತು ಗೊತ್ತಾಯ್ತು. ಸೋಮವಾರ. ನಾಲ್ಕು ದಿನ! ನಾಲ್ಕು ದಿನ ಇದನ್ನ ಹೊಟ್ಟೇಲಿಟ್ಕೊಂಡು ಹೆಂಗೆ ಊಟ ಮಾಡಿದ್ಯೇ. ಮಾಡ್ಲಿಲ್ಲ ಡಾಕ್ಟ್ರೇ. ಅವರು ಕಡತ ಎಳೆದು ಮುಂದಿಟ್ಟರು, ಕೆಂಪು ಪೆನ್ನು ಕೊಟ್ಟರು, ಮೊದಲು ಬರಿ, ದಿನ ಹಾಕು, ನಿನ್ನ ಹೆಸರು ಹಾಕು, ಬಾಗಿಲು ಆಮೇಲೆ, ನೋಡಿದ ಮೇಲೆ ಬರೆಯೋ ಸತ್ಯಕ್ಕೆ ಅರ್ಧ ಬೆಲೆ. ಸೆಲ್ಮಿ ಬರೆದಳು, ಬರೆದು ಎಳೆದಳು ಬಾಗಿಲನ್ನು, ಹುಳಿಹಾಲಿನಂಥ ಬಿಸಿಯುಸಿರು ಮುಖಕ್ಕೆ ಬಡಿಯಿತು, ತಟ್ಟೆ ಹೊರಗೆ ಬಂತು, ಮೊದಲು ಕಂಡದ್ದು ಒಂದು ಬಿಲ್ಲೆಯ ಸುತ್ತ ಮಂಜಿನಂತೆ ಒತ್ತಾಗಿ ಬೆಳೆದದ್ದು, ವೃತ್ತವೇ ಇಲ್ಲ, ತಟ್ಟೆಯನ್ನು ಹಿಂದಕ್ಕಿಡಹೊರಟಳು — ಅದು ವ್ಯಾಂಕೊಮೈಸಿನ್ ಅನ್ನೋ ಬೇರೆ ಮದ್ದು ಕಣೇ, ಡಾಕ್ಟರ್ ಸೆಟೀನಾ ಭುಜ ಹಿಡಿದರು, ಅದಕ್ಕೆ ಬಗ್ಗದಿರೋದು ಈ ಜಾತಿಯ ಹುಟ್ಟುಗುಣ, ಕಲಿತದ್ದೂ ಅಲ್ಲ, ಕಲಿಸೋದೂ ಇಲ್ಲ, ಪಕ್ಕದ್ದು ನೋಡು. ಪಕ್ಕದ್ದು ಟೆಟ್ರಾಸೈಕ್ಲಿನ್. ಸುತ್ತ ದುಂಡಗೆ, ಸ್ವಚ್ಛವಾಗಿ, ಏನೂ ಬೆಳೆದಿಲ್ಲ. ಅಳತೆ ಹಿಡಿದಳು, ಇಪ್ಪತ್ತಾರು ಮಿಲಿಮೀಟರ್, ಮತ್ತೆ ಹಿಡಿದಳು, ಇಪ್ಪತ್ತಾರೇ, ಸತ್ತಿದೆ, ಮದ್ದಿಗೆ ಬಗ್ಗಿ ಸತ್ತಿದೆ, ಏನೂ ಕಲಿತಿಲ್ಲ ನನ್ನ ದಡ್ಡ ಬಂಗಾರ. ಇನ್ನೊಂದ್ಸಲ ಮಾಡ್ಬೇಕು, ಜೀನೂ ನೋಡ್ಬೇಕು, ಆ ಆರು ತಿಂಗಳ ಮಾತನ್ನ ವರದೀಲಿ ಮುಚ್ಚಿಡೋ ಹಾಗಿಲ್ಲ, ಡಾಕ್ಟರು ಹೇಳುತ್ತಲೇ ಇದ್ದರು, ಆದ್ರೆ ಈಗ ಮೊದ್ಲು ಈ ಬ್ರೆಡ್ ತಿನ್ನು, ಇನ್ನೊಂದ್ಸಲ ಹಿಂಗೆ ಬಚ್ಚಿಟ್ರೆ ನಿನ್ನನ್ನೇ ಆಮ್ಲದಲ್ಲಿ ಮುಳುಗಿಸ್ತೀನಿ.

ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿದೆ, ಸಕ್ಕರೆ, ಬೆಣ್ಣೆ, ಇಷ್ಟು ರುಚಿ ಯಾವಾಗ ಬಂತು ಇದಕ್ಕೆ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತಟ್ಟೆ, ಕೆಳಗಿಡಲು ಮನಸ್ಸಿಲ್ಲ, ಆ ಕಡೆ ದೊಡ್ಡಮ್ಮ, ಹಲೋ ಇಲ್ಲ ಏನಿಲ್ಲ, ಪಾಸೋ ಫೇಲೋ ಹೇಳೇ. ಪಾಸು ದೊಡ್ಡಮ್ಮ. ಉಸಿರು ಬಿಟ್ಟ ಸದ್ದು, ಆಮೇಲೆ ಮೂಗು ಸೀಟಿದ ಸದ್ದು, ಗೊತ್ತಿಲ್ದೇ ಸುಳ್ಳಿಗೆ ಹೆಬ್ಬೆಟ್ಟು ಒತ್ತಿಬಿಟ್ನಲ್ಲ ಅಂತ ನಾಲ್ಕು ದಿನದಿಂದ ಈ ಬೆರಳು ನೋಡ್ಕೊಂಡು ಕೂತಿದೀನಿ ಕಣೇ, ಆ ವಿಲ್ಬರ್ತ್ ಬೇರೆ ನನ್ ಮುಖ ನೋಡೋಕಾಗ್ದೆ ಕೋಳಿಗೂಡಿನ ಹಿಂದೇನೇ ಊಟ ಮಾಡ್ತಾನೆ. ಒಳಗೆ ಕರಿ ದೊಡ್ಡಮ್ಮ ಅವನ್ನ, ಅವ್ನು ಹೇಳಿದ್ದಕ್ಕೇ ಗೊತ್ತಾಗಿದ್ದು, ಸೆಲ್ಮಿ ಅಂದಳು, ಅನ್ನುವಾಗ ಗೊತ್ತಾಯಿತು ಅದು ನಿಜವೆಂದು. ತಾಳು, ಚುಲಾಗೂ ಹೇಳ್ತೀನಿ, ಮರಿಗಳಿಗೆ ಹಾಲು ಕೊಡ್ತಿದಾಳೆ, ಫೋನು ಕೆಳಗಿಳಿಯಿತು, ಒಣ ಎಲೆಯ ಸರಸರ, ಆಮೇಲೆ ಆ ಗುರ್ ಗುರ್, ನಿಧಾನಕ್ಕೆ, ಹಾಲು ಇಳಿಯುತ್ತಿದ್ದಂತೆ ಒಂದರ ಮೇಲೊಂದು ಬೇಗಬೇಗ, ಸೆಲ್ಮಿ ಏನೂ ಯೋಚಿಸುತ್ತಿಲ್ಲ, ಯೋಚಿಸುವುದಕ್ಕೇನೂ ಉಳಿದಿಲ್ಲ, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿದ್ದಾಳೆ, ಸುತ್ತೆಲ್ಲ ಮಂಜು, ನಡುವೆ ಆ ವೃತ್ತ, ಅದರೊಳಗಿಂದ ತಟ್ಟೆಯ ಕೆಳಗೆ ಹಿಡಿದ ತನ್ನದೇ ಬೆರಳು, ಬೆರಳಿನ ಒಂದೊಂದು ಗೆರೆಯೂ, ಸುತ್ತ ಮಂಜು, ನಡುವೆ ವೃತ್ತ, ವೃತ್ತದೊಳಗೆ ಬೆರಳು.