ಬಗ್ಗಿ ನೋಡದೆ ಕೊಂಡ ಬೆಲ್ಟು

ಆರು ಬೆರಳಗಲದ್ದು ತೆಗೆದುಕೊಂಡರೆ ಅನುಮಾನ ಬಂದುಬಿಡುತ್ತದೆಯೇ? ನಾಲ್ಕು ಬೆರಳಿನದಾದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅದು ನಡುವನ್ನು ಹಿಡಿದು ನಿಲ್ಲಿಸುತ್ತದೆಯೇ? ಗಾಂಧಿಬಜಾರಿನ ಜಟಕಾ ಸ್ಟ್ಯಾಂಡಿನ ಪಕ್ಕ, ಕುದುರೆ ಸಾಮಾನು ಹೊಲಿಯುವ ಗುಂಡಣ್ಣನ ಅಂಗಡಿಯ ಮುಂದೆ ನಿಂತು ತಿಮ್ಮರಾಯಪ್ಪ ಇದನ್ನೇ ಯೋಚಿಸುತ್ತಿದ್ದ. ಭಾರ ಎತ್ತುವವನು ಬೆಲ್ಟು ಕೊಳ್ಳುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದಲ್ಲ ಎಂದು ಅವನಿಗೂ ಗೊತ್ತಿತ್ತು.

ಯುಗಾದಿಯ ಹೊತ್ತಿಗೇ ಬೆನ್ನು ಕೆಟ್ಟಿತ್ತು. ಭಾರ ಇಳಿಸುವಾಗ ಸೊಂಟದ ಎಡಕ್ಕೆ ಚಳಕ್ ಎಂದದ್ದಷ್ಟೇ. ಅಂದಿನಿಂದ ಬಗ್ಗಿದರೆ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಬರುವ ಭಾನುವಾರ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಭಾರ ಎತ್ತುವವನೊಬ್ಬನನ್ನು ಆರಿಸುವವರಿದ್ದರು. ಆರಿಸಿದವನಿಗೆ ಅಲ್ಲೇ ಕೆಲಸ. ಭೈರಸಂದ್ರದ ತಿಮ್ಮರಾಯಪ್ಪನ ಮನೆಯವರ ಹೊಲ ಜಯನಗರದ ಸೈಟುಗಳಾಗಿ ಹೋಗಿ, ಅಪ್ಪ ಚಿಕ್ಕಬೈರಪ್ಪ ಈಗ ಅದೇ ನೆಲದಲ್ಲಿ ಯಾರದೋ ಮನೆ ಕಟ್ಟುವ ಇಟ್ಟಿಗೆ ಕಾಯುತ್ತಿದ್ದ. ಮಗನಿಗೆ ಬೇರೆ ದಾರಿ ಎಂದು ಇದ್ದದ್ದು ಆ ಭಾನುವಾರ ಒಂದೇ.

ಅದಕ್ಕೆ ಅಡ್ಡವಾಗಿದ್ದದ್ದು ಉಸ್ತಾದರ ಕೈ.

ಹನುಮಂತನಗರದ ಆ ಗರಡಿಯಲ್ಲಿ ಭಾರ ಎತ್ತುವ ಮೊದಲು ನಡುವಿಗೆ ದಟ್ಟಿ ಸುತ್ತಬೇಕು. ಆ ಉದ್ದನೆಯ ಬಟ್ಟೆಯನ್ನು ಯಾರೂ ತಾವೇ ಸುತ್ತಿಕೊಳ್ಳುವಂತಿಲ್ಲ, ಉಸ್ತಾದ್ ಸಿದ್ದಲಿಂಗಯ್ಯನವರೇ ಸುತ್ತಬೇಕು. ಶಿಷ್ಯ ನಿಧಾನವಾಗಿ ತಿರುಗುತ್ತಾ ಬಂದಂತೆ ಅವರ ಅಂಗೈ ಬೆನ್ನಿನ ಮೇಲೆಲ್ಲ ಓಡಾಡುತ್ತಿತ್ತು. ಆ ಕೈಗೆ ಸುಳ್ಳು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಹೋದ ವರ್ಷ ಇನ್ನೊಬ್ಬ ಶಿಷ್ಯ ಜಯದೇವಪ್ಪನಿಗೆ ಸುತ್ತುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, "ಇನ್ನು ನೀನು ಭಾರ ಮುಟ್ಟಬೇಡ," ಎಂದಿದ್ದರು. ಅವನು ಕಾಲು ಹಿಡಿದು ಅತ್ತರೂ ಮನಸ್ಸು ಕರಗಿರಲಿಲ್ಲ. ತಿಮ್ಮರಾಯಪ್ಪ ಜ್ವರವೆಂದು ಹೇಳಿ ಇಷ್ಟು ದಿನ ತಪ್ಪಿಸಿಕೊಂಡಿದ್ದ. ಬೆಲ್ಟಾದರೆ ತಾನೇ ಬಿಗಿದುಕೊಳ್ಳಬಹುದು. ಮೇಲಾಗಿ ಒಳಗೆ ಆಂಜನೇಯನಿರುವುದರಿಂದ ತೊಗಲು ಗರಡಿಯ ಹೊಸ್ತಿಲು ದಾಟುವಂತಿಲ್ಲ. ಬೆಲ್ಟು ಕಟ್ಟಿದವನು ಹೊರಗೆ ಹೊಂಗೆಮರದ ಕೆಳಗೆ ಎತ್ತಿಕೊಳ್ಳಬೇಕು. ಅವನಿಗೆ ಬೇಕಾಗಿದ್ದದ್ದೂ ಅದೇ.

ಜೊತೆಗೆ ಬಂದವನು ಬಸವನಗುಡಿಯ ಗೆಳೆಯ ರಾಮಪ್ರಸಾದ. ಬಿ.ಎಸ್ಸಿ. ಮುಗಿಸಿದವನು. ಗುಂಡುಕಲ್ಲು ಬಿಟ್ಟರೆ ಬೇರೆ ಕಾಣದಿದ್ದ ಗರಡಿಗೆ ಉಸ್ತಾದರನ್ನು ಕಾಡಿ ಬೇಡಿ ಕಬ್ಬಿಣದ ಸರಳು, ಬಿಲ್ಲೆಗಳನ್ನು ತರಿಸಿದವನೂ ಅವನೇ. ಅಂಗಡಿಯಲ್ಲಿದ್ದ ಬೆಲ್ಟುಗಳಲ್ಲಿ ಒಂದನ್ನು ಮಡಿಸಿ ಬಿಳಿ ಗೆರೆ ಬೀಳುತ್ತದೆಯೇ ಎಂದು ನೋಡಿದ, ಹೊಲಿಗೆಯನ್ನು ಉಗುರಿನಿಂದ ಕಿತ್ತು ನೋಡಿದ, ಕೊನೆಗೆ ಬಕಲಿಗೆ ಹಲ್ಲು ಹಾಕಲು ಹೋದ.

"ಸಾಮಿ, ಅದು ಕಡ್ಲೇಕಾಯಲ್ಲ," ಎಂದ ಗುಂಡಣ್ಣ. "ಹಿತ್ತಾಳೆ. ಕುದುರೆ ಎಳೆದ್ರೂ ಬಾಗಲ್ಲ."

"ಕುದುರೆಗಿಂತ ಇವನು ಜಾಸ್ತಿ ಎಳೀತಾನೆ."

"ಹಂಗಾದ್ರೆ ಒಂದು ಕಡಿವಾಣಾನೂ ತಗೊಂಡೋಗಿ."

ರಾಮಪ್ರಸಾದ ಆರಿಸಿದ್ದು ಬೆನ್ನಿಗೆ ಅಗಲ, ಹೊಟ್ಟೆಗೆ ಕಿರಿದಾದದ್ದು. "ಇದು ಸರಿ ಕಣೋ. ಬಗ್ಗಿದ್ರೆ ಪಕ್ಕೆಲುಬಿಗೆ ಒತ್ತಲ್ಲ. ಕಟ್ಕೋ. ಹೊಟ್ಟೆ ತುಂಬ ಉಸಿರು ತಗೋ. ಹಾಂ, ಈಗ ಬಗ್ಗು."

ತಿಮ್ಮರಾಯಪ್ಪ ಕಟ್ಟಿಕೊಂಡ. ಉಸಿರೂ ತೆಗೆದುಕೊಂಡ. ಬಗ್ಗಲಿಲ್ಲ.

"ಬಗ್ಗೋ."

"ಗೊತ್ತಾಗುತ್ತೆ ಬಿಡು."

"ನಿಂತ್ಕೊಂಡು ಏನು ಗೊತ್ತಾಗುತ್ತೆ ಗುರು? ಬೆಲ್ಟು ನೋಡೋದೇ ಬಗ್ಗಿ."

"ಪೈಲ್ವಾನ್ರು ಹೊಸ ಅಳಿಯನ ಥರ ನಿಂತವ್ರೆ," ಗುಂಡಣ್ಣ ನಕ್ಕ. "ಅತ್ತೆ ಮನೇಲಿ ಎಲೆ ಹಾಕಿದ್ರೆ ತಾನೇ ಬಗ್ತಾರೆ ಬಿಡಿ."

ತಿಮ್ಮರಾಯಪ್ಪನೂ ನಕ್ಕ. ನಗುತ್ತಲೇ ಅದನ್ನು ಬಿಚ್ಚಿಟ್ಟು ಇನ್ನೊಂದನ್ನು ತೆಗೆದುಕೊಂಡ. ಸುತ್ತಲೂ ಒಂದೇ ಸಮ ಆರು ಬೆರಳಗಲ, ಎರಡು ಪದರದ ತೊಗಲು. ಬಿಗಿದುಕೊಂಡಾಗ ನೆಟ್ಟಗೆ ನಿಲ್ಲಲು ಅವನು ಏನೂ ಮಾಡಬೇಕಾಗಲಿಲ್ಲ. ಎಷ್ಟೋ ದಿನಗಳ ಮೇಲೆ ನೋವು ಸ್ವಲ್ಪ ದೂರ ಸರಿದು ಕೂತಂತಾಯಿತು.

"ಅದು ಬೇಡ್ವೋ, ಹಲಗೆ ಇದ್ದಂಗಿದೆ," ಎಂದ ರಾಮಪ್ರಸಾದ.

"ಇದೇ ಇರಲಿ."

"ನಿನ್ನಿಷ್ಟ. ಹರಳೆಣ್ಣೆ ತಿಕ್ಕಿ ಮೆತ್ತಗೆ ಮಾಡೋಣ."

ಅಂದು ಸಂಜೆ ಗರಡಿಯ ಹೊಸ್ತಿಲಿಗೆ ಹೋದಾಗ ಸಿದ್ದಲಿಂಗಯ್ಯನವರು ಆಗಲೇ ದಟ್ಟಿ ಬಿಡಿಸಿ ಹಿಡಿದು ನಿಂತಿದ್ದರು. "ಬಾರೋ ಮಗಾ. ಜ್ವರ ಬಿಡ್ತಾ?" ಎಂದವರ ಕಣ್ಣು ಅವನ ಕೈಗೆ ಹೋಯಿತು. "ಅದೇನು?"

"ಬೆಲ್ಟು ಉಸ್ತಾದ್ರೇ. ಭಾನುವಾರಕ್ಕೆ. ಅಲ್ಲಿ ಎಲ್ಲಾರೂ ಇದನ್ನೇ ಕಟ್ತಾರಂತೆ."

ಅವರು ದಟ್ಟಿ ಹಿಡಿದ ಕೈಯನ್ನು ಕೆಳಗಿಳಿಸಿದರು. ಆಮೇಲೆ ಕೇಳಿದರು: "ನನ್ನ ಕಟ್ಟು ಯಾವತ್ತಾದ್ರೂ ಸಡಿಲ ಆಗಿತ್ತೇನೋ?"

"ಇಲ್ಲ ಉಸ್ತಾದ್ರೇ."

"ಮತ್ತೆ?"

ಅವನು ಕೆಮ್ಮಣ್ಣಿನ ಅಖಾಡದ ಕಡೆ ನೋಡುತ್ತಾ ನಿಂತ. ಸಿದ್ದಲಿಂಗಯ್ಯನವರು ದಟ್ಟಿಯನ್ನು ಮಡಿಕೆಯ ಮೇಲೆ ಮಡಿಕೆ ಇಟ್ಟು ಮಡಚಿ, ಆಂಜನೇಯನ ಮುಂದೆ ಇಟ್ಟರು. "ತೊಗಲು ಒಳಗೆ ತರ್ಬೇಡ. ಆಚೆ ಎತ್ಕೋ," ಎಂದು ಬೆನ್ನು ತಿರುಗಿಸಿ ಕೂತರು. ಅಂದು ಹೊರಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮರದ ಕೆಳಗೆ ಅವನು ಹಗುರ ಭಾರಗಳನ್ನಷ್ಟೇ ಎತ್ತಿ, ಮುಖ ತೊಳೆದು, ಹೊಸ್ತಿಲಿಗೆ ಕೈಮುಗಿದು ಮನೆಗೆ ಹೋಗುತ್ತಿದ್ದ.

ಭಾನುವಾರ ಮೊದಲ ಎರಡು ಬಗೆಯ ಎತ್ತುವಿಕೆಗಳು ಹೇಗೋ ಮುಗಿದವು. ಮೂರನೆಯದರಲ್ಲಿ ಭಾರ ಹೆಚ್ಚು, ನೆಲದಿಂದ ಎದೆಗೆ ತಂದು ತಲೆಯ ಮೇಲೆ ನಿಲ್ಲಿಸಬೇಕು. ಬಗ್ಗಿದಾಗ ಬೆಲ್ಟಿನ ಮೇಲಂಚು ಪಕ್ಕೆಲುಬಿಗೂ ಕೆಳಂಚು ಸೊಂಟದ ಮೂಳೆಗೂ ಕಚ್ಚಿಕೊಂಡಿತು. ಸರಿಯಾಗಿ ಕೂರಲಾಗದೆ ಬೆನ್ನು ಗೂನು ಮಾಡಿಯೇ ಸರಳು ಹಿಡಿದ. ಅದು ಎದೆಯವರೆಗೆ ಬಂತು. ಅಷ್ಟರಲ್ಲಿ ಎಡಗಾಲು ತನ್ನದಲ್ಲವೆಂಬಂತೆ ಆಗಿಹೋಯಿತು. ಸರಳು ಮುಂದಕ್ಕೆ ಬಿದ್ದು ಉರುಳಿತು. ಅವನು, ಯಾರೋ ಕೂತುಕೋ ಎಂದು ಹೇಳಿದ ಹಾಗೆ, ನೆಲಕ್ಕೆ ಹಾಸಿದ್ದ ಹಲಗೆಯ ಮೇಲೆ ಕೂತುಬಿಟ್ಟ. ಏನಾಯಿತೆಂದು ತಿಳಿಯದೆ ಒಂದಿಬ್ಬರು ನಕ್ಕರು. ಅವನು ಏಳದಿದ್ದಾಗ ನಗು ನಿಂತಿತು.

ಕೆಲಸ ಬೇರೆಯವನಿಗೆ ಹೋಯಿತು. ಕಾಲಿಗೆ ಪೂರ್ತಿ ಶಕ್ತಿ ಬರುವುದು ಕಷ್ಟ ಎಂದರು ಆಸ್ಪತ್ರೆಯಲ್ಲಿ.

ಭೈರಸಂದ್ರದ ಮನೆಗೆ ಮೊದಲು ಬಂದವನು ರಾಮಪ್ರಸಾದ. ಕೊಟ್ಟ ಕಾಫಿ ಹಿಡಿದು ಚಾಪೆಯ ಪಕ್ಕ ಕೂತ. "ನಾನು ಬಿಡಬಾರದಿತ್ತು ಕಣೋ. ಹಲಗೆ ಥರ ಇದೆ ಅಂತ ಬಾಯಲ್ಲಿ ಹೇಳಿದೆ, ಕೈಯಿಂದ ಕಿತ್ಕೊಳ್ಳಲಿಲ್ಲ. ಕಬ್ಬಿಣ ತರಿಸಿದೋನೂ ನಾನೇ."

"ಕಾಫಿ ಕುಡಿ, ಆರೋಗುತ್ತೆ," ಎಂದ ತಿಮ್ಮರಾಯಪ್ಪ.

ಸಿದ್ದಲಿಂಗಯ್ಯನವರು ಹನುಮಂತನಗರದಿಂದ ನಡೆದೇ ಬಂದರು. ಎಣ್ಣೆ ಬಿಸಿ ಮಾಡಿಸಿ, ಅವನನ್ನು ಮಗ್ಗುಲಾಗಿಸಿ, ಬೆನ್ನಿಗೆ ಕೈ ಇಟ್ಟರು. ಅವನು ಉಸಿರು ಹಿಡಿದ. ಕೈ ಸೊಂಟದ ಎಡಕ್ಕೆ ಬಂದು ನಿಂತಿತು. ಆದರೆ ಊತದಲ್ಲಿ ಹಳೆಯ ನೋವೂ ಹೊಸದೂ ಒಂದಾಗಿ ಹೋಗಿತ್ತು.

"ಇಲ್ಲೇ ನೋಡು, ಆ ತೊಗಲಿನ ಅಂಚು ಕೂತಿರೋದು. ಆ ಬಸವನಗುಡಿ ಬ್ರಾಂಬ್ರ ಹುಡುಗನ ಮಾತು ಕೇಳಿ ಕೆಟ್ಟೆ," ಎಂದರು. ಆಮೇಲೆ ದನಿ ತಗ್ಗಿತು. "ಅವನೊಬ್ಬನ್ನ ಅಂದೇನು ಬಂತು? ಮುನಿಸ್ಕೊಂಡು ಒಳಗೇ ಕೂತೋನು ನಾನು. ಒಂದು ಸಲ ಆಚೆ ಬಂದು ನೋಡಿದ್ದಿದ್ರೆ..."

ಕೈ ಬೆನ್ನಿನ ಮೇಲೆಯೇ ಇತ್ತು. ಅವರು ಏನನ್ನೋ ಕಾಯುತ್ತಿದ್ದಾರೆ ಎನ್ನಿಸಿತು ಅವನಿಗೆ. ಹೊರಗೆ ಯಾರೋ ಕಲ್ಲು ಒಡೆಯುತ್ತಿದ್ದರು. ಅವನು ಚಾಪೆಗೆ ಮುಖ ಒತ್ತಿಕೊಂಡ. ಬಹಳ ಹೊತ್ತಾದ ಮೇಲೆ ಅವರು ಕೈ ತೆಗೆದು, ಒರೆಸಿಕೊಂಡು, ಎದ್ದು ಹೋದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಸರಳು, ಬಿಲ್ಲೆಗಳು ಗರಡಿಯಿಂದ ಹೊರಬಿದ್ದವು. ರಾಮಪ್ರಸಾದ ಆ ಕಡೆ ಹೋಗುವುದನ್ನು ಬಿಟ್ಟ. ಗಾಂಧಿಬಜಾರಿನಲ್ಲಿ ಎದುರಾದರೆ ಸಿದ್ದಲಿಂಗಯ್ಯನವರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರಂತೆ. ಇಬ್ಬರೂ ಆಗಾಗ ಬೇರೆ ಬೇರೆಯಾಗಿ ಭೈರಸಂದ್ರಕ್ಕೆ ಬಂದು, ಇನ್ನೊಬ್ಬನ ಸುದ್ದಿ ಎತ್ತದೆ ಕೂತು ಹೋಗುತ್ತಿದ್ದರು. ಬೆಲ್ಟು ಕೊಳ್ಳುವ ಮೊದಲೇ ತನ್ನ ಬೆನ್ನು ಹೋಗಿತ್ತು, ಉಸ್ತಾದರ ಕೈಗೆ ಅದು ತಿಳಿಯಬಾರದೆಂದೇ ಬೆಲ್ಟು ಕೊಂಡದ್ದು ಎಂದು ತಿಮ್ಮರಾಯಪ್ಪ ಅವರಿಬ್ಬರಲ್ಲಿ ಯಾರಿಗೂ ಎಂದೂ ಹೇಳಲಿಲ್ಲ.