ಅಶ್ವಥನಿಗೊಂದು ಅನುಭವ ಪತ್ರ

ಮೆಂತ್ಯ ಸೊಪ್ಪಿನ ಎರಡನೇ ಕಟ್ಟು ಬಿಡಿಸಿ ಮುಗಿದರೂ ಹಳೇ ಲ್ಯಾಪ್‌ಟಾಪ್‌ನ ಪರದೆಯ ಮೇಲೆ ಮರಳು ಗಡಿಯಾರ ನಿಂತೇ ಇತ್ತು. ಛಾಯಾ ಎಲೆಯನ್ನು ಬಟ್ಟಲಿಗೆ, ಕಡ್ಡಿಯನ್ನು ಪೇಪರಿನ ಮೇಲೆ ಹಾಕುತ್ತಾ ಕಾಲು ಅಲ್ಲಾಡಿಸುತ್ತಿದ್ದಳು. ಎರಡು ಸಲ ಕಡ್ಡಿಯೇ ಬಟ್ಟಲಿಗೆ ಬಿತ್ತು.

ಫೋನ್ ಬಂತು. ಇನ್ನೊಂದು ರಾಜ್ಯದ ವೆಸ್ಟ್‌ಮಂಟ್‌ ಊರಿನಿಂದ ಅಶ್ವಥ್.

"ಮೇಡಂ, ಡಿಸ್ಟರ್ಬ್ ಮಾಡ್ತಿದೀನಿ. ನಿಮ್ಮ ಪತ್ರಕ್ಕೆ ಲಾಯರ್ ಮೂರು ಗಂಟೆವರೆಗೂ ಕಾಯ್ತಾರಂತೆ. ನಮ್ಮಲ್ಲಿ ಮೂರು ಅಂದ್ರೆ ನಿಮ್ಮ ಕ್ಯಾಂಟನ್‌ನಲ್ಲಿ ನಾಲ್ಕು."

"ಆಯ್ತು, ನೋಡ್ತಿದೀನಿ," ಎಂದಳು. ಎಂಟು ತಿಂಗಳಿಂದ ಅವಳು ಹೇಳುತ್ತಾ ಬಂದಿದ್ದೂ ಅದನ್ನೇ.

ಹದಿನೈದು ವರ್ಷದ ಹಿಂದೆ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಅವನು ಅವಳ ಕೈಕೆಳಗೆ ಎರಡು ವರ್ಷ ದುಡಿದಿದ್ದ. ಕಂಪನಿ ಮುಚ್ಚಿಹೋಗಿತ್ತು. ಅವನು ಇಂಥ ಕೆಲಸ ಮಾಡಿದ್ದು ನಿಜ ಎಂದು ಮೇಲಿದ್ದವರೊಬ್ಬರು ಇವತ್ತು ಬರೆದುಕೊಡದಿದ್ದರೆ ಅವನ ಗ್ರೀನ್ ಕಾರ್ಡ್ ಅರ್ಜಿ ಬಿದ್ದುಹೋಗುತ್ತಿತ್ತು. ಛಾಯಾಳಿಗೆ ಬರೆಯಲು ಕೈ ಬರುತ್ತಿರಲಿಲ್ಲ. ಸಾಫ್ಟ್‌ವೇರ್ ರಿಲೀಸ್‌ಗೆ ನಾಲ್ಕೇ ದಿನ ಇರುವಾಗ, ಕೆಲಸ ಎಲ್ಲಿಗೆ ಬಂದಿದೆ ಎಂದು ಬರೆದಿಡುವ ಹ್ಯಾಂಡೋವರ್ ಕೂಡ ಕೊಡದೆ ಎದ್ದುಹೋದವನು ಅವನು. ರಿಲೀಸ್ ಕೆಟ್ಟಿತು, ಬೈಗುಳ ತಿಂದವಳು ಇವಳು. ಈ ಕಥೆಯನ್ನು ಅವಳು ಕ್ಯಾಂಟನ್‌ನಲ್ಲಿ ಊಟಕ್ಕೆ ಹೋದ ಎಷ್ಟೋ ಮನೆಗಳಲ್ಲಿ ಹೇಳಿದ್ದಳು. ಈಗ ಅವನಿಗೆ ಒಳ್ಳೆಯ ಮಾತು ಬರೆದುಕೊಡುವುದು ಹೇಗೆ? ಬರೆದರೂ ತಿಂಗಳು, ತಾರೀಖು ಬೇಕು. ಅವೆಲ್ಲ ಇದ್ದದ್ದು ಈ ಲ್ಯಾಪ್‌ಟಾಪ್‌ನ ಹಳೇ ಮೇಲ್‌ಗಳಲ್ಲಿ.

ಮೇಲ್ ತೆರೆಯಲು ಹೋದರೆ 'ವರ್ಚುವಲ್ ಮೆಮೊರಿ ಸಾಲದು' ಎಂದು ಸಂದೇಶ ಬಂದು ಎಲ್ಲವೂ ಕಲ್ಲಾಗಿ ನಿಂತುಬಿಡುತ್ತಿತ್ತು. ಒಳಗಿನ ಮೆಮೊರಿ ತುಂಬಿದಾಗ ಯಂತ್ರ ಹಾರ್ಡ್ ಡಿಸ್ಕ್‌ನಲ್ಲಿ ಒಂದಿಷ್ಟು ಜಾಗವನ್ನು ಕಡ ತೆಗೆದುಕೊಳ್ಳುತ್ತದೆ. ಸೆಟ್ಟಿಂಗ್ಸ್ ಒಳಗೆ ಒಂದೊಂದೇ ಬಾಗಿಲು ತೆಗೆದು ನೋಡಿದರೆ, ಆ ಜಾಗ ಬರೀ ಎರಡು ಎಂಬಿ.

"ರೀ, ಇದನ್ನ ಎರಡು ಮಾಡಿದ್ದು ಯಾರು?"

ಪಕ್ಕದೂರು ವಿಕ್ಸಮ್‌ನ ಆಫೀಸಿಗೆ ಹೋಗದೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ಶ್ರೀಧರ್ ಪಕ್ಕದ ಕೋಣೆಯಿಂದ ತಲೆ ಹಾಕಿದ. "ನಮ್ಮ ಮಿಹಿರ್ ನಾಮಕರಣದ ವಿಡಿಯೋ ಹಿಡಿಸ್ತಿರ್ಲಿಲ್ಲ. ಅದಕ್ಕೆ ಸ್ವಲ್ಪ ಜಾಗ ಮಾಡ್ದೆ."

"ಅದಕ್ಕೆ ಇದರ ಹೊಟ್ಟೆಬಟ್ಟೆ ಕಟ್ಟಿಸಿದ್ರಾ? ಮೂರು ಗಂಟೆ ವಿಡಿಯೋದಲ್ಲಿ ಎರಡೂವರೆ ಗಂಟೆ ಊಟದ ಪಂಕ್ತಿ."

"ಊಟ ಚೆನ್ನಾಗಿತ್ತಲ್ಲ."

ಜಾಗ ಬಿಡಿಸಲು ವಿಡಿಯೋವನ್ನು ಪೆನ್ ಡ್ರೈವ್‌ಗೆ ಸಾಗಿಸಿದಳು, ಅದಕ್ಕೇ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅವಳು ಮೂರು ಸಲ ಕಿಟಕಿಯ ಹತ್ತಿರ ಹೋಗಿ ಬಂದಳು, ಕಾಫಿ ಮಾಡಿ ಕುಡಿಯುವುದನ್ನು ಮರೆತಳು. 'ಯಂತ್ರವೇ ಜಾಗ ನಿರ್ಧರಿಸಲಿ' ಎಂಬುದಕ್ಕೆ ಗುರುತು ಹಾಕಿ, ಓಕೆ ಒತ್ತಿ, ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದಳು. ಏಳಲು ಹನ್ನೆರಡು ನಿಮಿಷ. ಮತ್ತೆ ಅದೇ ಸಂದೇಶ. ಅದೇ ಎರಡು. ಗಂಟೆ ಒಂದೂ ಮುಕ್ಕಾಲು.

"ಸೆಟ್ ಒತ್ತಿದ್ಯಾ?" ಶ್ರೀಧರ್ ಬೆನ್ನ ಹಿಂದೆ ಬಂದು ನಿಂತಿದ್ದ.

"ಓಕೆ ಒತ್ತಿದೆ."

"ಓಕೆ ಆಮೇಲೆ ಕಣೇ, ಮೊದ್ಲು ಸೆಟ್. ಇಲ್ದಿದ್ರೆ ಹೇಳಿದ್ದು ಕೇಳಿಸ್ಕೊಂಡಂಗೆ ಮಾಡಿ ಸುಮ್ನಿರತ್ತೆ."

"ನಿಮ್ಮ ಥರ."

ಸೆಟ್ ಒತ್ತಿದಳು. ಓಕೆ ಒತ್ತಿದಳು. ಮತ್ತೆ ಹನ್ನೆರಡು ನಿಮಿಷ. ಈ ಸಲ ಮೇಲ್ ತೆರೆಯಿತು.

ಇನ್‌ಬಾಕ್ಸ್‌ನಲ್ಲಿ ಅಶ್ವಥನ ಕೊನೆಯ ಎರಡು ತಿಂಗಳ ಮೇಲ್ ಒಂದೂ ಇರಲಿಲ್ಲ. ಹುಡುಕುತ್ತಾ ಹೋದರೆ 'ಆಮೇಲೆ' ಎಂಬ ಹೆಸರಿನ ಫೋಲ್ಡರ್ ಸಿಕ್ಕಿತು. ಇನ್ನೂರ ಹನ್ನೆರಡು ಮೇಲ್, ಯಾವುದನ್ನೂ ತೆರೆದಿರಲಿಲ್ಲ. ಎಲ್ಲವೂ ಅಶ್ವಥನವೇ. ಯಾವುದೋ ಜಗಳದ ವಾರ, ಇವನ ಮೇಲ್ ಬಂದರೆ ಕಣ್ಣಿಗೆ ಬೀಳದ ಕಡೆ ಹಾಕು ಎಂದು ಯಂತ್ರಕ್ಕೆ ನಿಯಮ ಮಾಡಿಟ್ಟವಳು ಅವಳೇ. ಮಾಡಿದ್ದನ್ನು ಮರೆತವಳೂ ಅವಳೇ.

ಕೊನೆಯದು ಅವನು ಬಿಟ್ಟುಹೋದ ದಿನ ಸಂಜೆಯದು. 'ಮೇಡಂ, ಹೇಳಿ ಹೋಗೋಣ ಅಂತ ಎರಡು ಸಲ ಕ್ಯಾಬಿನ್ ಹತ್ತಿರ ಬಂದೆ. ನೀವು ಮೀಟಿಂಗ್‌ನಲ್ಲಿದ್ರಿ. ಹ್ಯಾಂಡೋವರ್ ಜೊತೆಗಿಟ್ಟಿದ್ದೇನೆ.' ಹದಿನಾಲ್ಕು ಪುಟ. ರಿಲೀಸ್ ಯಾವ ಕಡೆ ಕೆಟ್ಟಿತೋ ಅದು ಒಂಬತ್ತನೇ ಪುಟದಲ್ಲಿತ್ತು. ದಪ್ಪ ಅಕ್ಷರದಲ್ಲಿ, ಇಲ್ಲಿ ಎಚ್ಚರ ಎಂದು.

ಅವಳು ಹದಿನಾಲ್ಕೂ ಪುಟ ಓದಿದಳು. ಕಾಲು ಅಲ್ಲಾಡುವುದು ನಿಂತಿರಲಿಲ್ಲ, ಇನ್ನೂ ಜೋರಾಗಿತ್ತು. ಆಮೇಲೆ ಹೊಸ ಲ್ಯಾಪ್‌ಟಾಪ್ ಎಳೆದುಕೊಂಡು ತಿಂಗಳು, ತಾರೀಖು, ಕೆಲಸ ಎಲ್ಲವನ್ನೂ ಟೈಪ್ ಮಾಡಿದಳು. ಲಾಯರ್ ಕೇಳದ ಒಂದು ಸಾಲನ್ನು ಕೊನೆಗೆ ಸೇರಿಸಿದಳು: ಕೆಲಸ ಬಿಡುವ ದಿನ ಈತ ತನ್ನ ಜವಾಬ್ದಾರಿಯನ್ನೆಲ್ಲ ಪೂರ್ತಿಯಾಗಿ ಒಪ್ಪಿಸಿ ಹೋಗಿದ್ದಾರೆ, ಅದನ್ನು ಓದದೆ ಬಿಟ್ಟದ್ದು ನನ್ನ ತಪ್ಪು.

ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡುವಾಗ ಗಂಟೆ ಮೂರು ನಲವತ್ತು. ಫೋನ್ ಮತ್ತೆ ಬಂತು.

"ಮೇಡಂ, ನಿಮಗೆ ಕಷ್ಟ ಆದ್ರೆ ಬಿಡಿ. ನಾನು ಲಾಯರ್‌ಗೆ ಹೇಳ್ತೀನಿ."

"ಬಿಡೋದೇನಿಲ್ಲ. ಅಶ್ವಥ್, ನಿಮ್ಮ ಹ್ಯಾಂಡೋವರ್ ಇವತ್ತು ಓದಿದೆ."

"ಇವತ್ತಾ, ಮೇಡಂ?"

"ಹ್ಞೂಂ. ಇವತ್ತು. ಲೈನಲ್ಲೇ ಇರಿ," ಎಂದು ಛಾಯಾ ಸೊಪ್ಪಿನ ಹಸಿರು ಹತ್ತಿದ ಬೆರಳಿನಿಂದ ಸೆಂಡ್ ಒತ್ತಿದಳು.