ಲಿಯೋಟಾ ಹೇಳಿದ ಕೊನೆಯ ಮಾತು

ಲಿಯೋಟಾ ಸ್ಟ್ರೌಡಳ ಹೆಸರಿನಲ್ಲಿ ಹೆದ್ದಾರಿಯ ಪಕ್ಕ ಫಲಕ ನಿಲ್ಲಿಸುತ್ತಾರೆಂದು ಕೇಳಿ ಆರ್ಡಿತ್ ಪೆಲ್‌ಗೆ ಸಿಟ್ಟು ನೆತ್ತಿಗೇರಿತು. ಹೊಳೆ ಉಕ್ಕಿದ ದಿನ, ಊರಿನ ಕರೆಗಳನ್ನು ಜೋಡಿಸುವ ಟೆಲಿಫೋನ್ ಹಲಗೆಯ ಮುಂದಿನಿಂದ ಕದಲದೆ ಊರನ್ನೆಲ್ಲ ಎಚ್ಚರಿಸಿ, ಕೊನೆಗೆ ತಾನೇ ನೀರುಪಾಲಾದ ಪುಣ್ಯಾತ್ಗಿತ್ತಿ ಎಂದು ಕ್ಯಾನ್ಸಸ್‌ನ ಆ ಮೂಲೆಯೆಲ್ಲ ಅವಳನ್ನು ಕೊಂಡಾಡುತ್ತಿತ್ತು. ಊರನ್ನೆಲ್ಲ ಕರೆದವಳು ಪೆಲ್ ಮನೆಯನ್ನು ಮಾತ್ರ ಮರೆತಿದ್ದಳು. ಆರ್ಡಿತ್‌ಳ ಅಮ್ಮ ಅಡುಗೆಮನೆಯಲ್ಲೇ ಮುಳುಗಿದಳು. ಒಂಬತ್ತು ವರ್ಷದ ಆರ್ಡಿತ್ ಅಂದು ಚಿಕ್ಕಮ್ಮನ ಊರಿನಲ್ಲಿದ್ದಳು, ಅದಕ್ಕೇ ಬದುಕಿದಳು. ಲಿಯೋಟಾಳ ಮಾತೆತ್ತಿದರೆ ಎದ್ದುಹೋಗುತ್ತಿದ್ದ ಅವಳಿಗೆ ಈಗ ತಲೆ ನರೆತಿತ್ತು. ಹಗೆ ಮಾತ್ರ ನರೆತಿರಲಿಲ್ಲ.

ಫಲಕದ ಅನಾವರಣಕ್ಕೆ ಹೋಗುವುದಿಲ್ಲವೆಂದು ಹಟ ಹಿಡಿದವಳನ್ನು ಹೊರಡಿಸಿದ್ದು ನಾಡೀನ್ ಕ್ರ್ಯಾಬ್. ತಾಯಿಯಿಲ್ಲದ ಹುಡುಗಿಯನ್ನು ಮನೆಗೆ ಕರೆತಂದು ಸಾಕಿದ ನೆರೆಯವಳು ಅವಳೇ.

"ಸತ್ತೋಳ ಮೇಲೆ ಇನ್ನೂ ಎಷ್ಟು ದಿನ ಹಗೆ ಸಾಧಿಸ್ತೀಯೇ? ಬಾ, ಇವತ್ತು ನಿನ್ನ ಮನಸ್ಸು ಹಗುರಾಗತ್ತೆ," ಎಂದಳು.

ನಾಡೀನ್‌ಳ ಗಂಡ ವೆಂಡೆಲ್ಲೇ ಫಲಕದ ಸಮಿತಿಯ ಯಜಮಾನ. ಫಲಕಕ್ಕೆ ಹೊದಿಸಿದ್ದ ಬಟ್ಟೆಯನ್ನು ಅವನು ಎಳೆದಾಗ ಅದು ಕಬ್ಬಿಣದ ಮೂಲೆಗೆ ಸಿಕ್ಕಿಕೊಂಡಿತು, ಜನ ನಕ್ಕರು, ಯಾರೋ ಬಿಡಿಸಿಕೊಟ್ಟರು. ಫಲಕದ ಬರಹವನ್ನು ಅವನು ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬಂದಾಗ ಆರ್ಡಿತ್‌ಳ ಕಡೆ ತಿರುಗಿದ. ಅದನ್ನು ಹಾಕಿಸಿದ್ದೇ ಅವಳಿಗಾಗಿ.

"ಆಕೆಯ ಕೊನೆಯ ಮಾತು: ದಯವಿಟ್ಟು ಎಲ್ಲರೂ ಫೋನ್ ಕೆಳಗಿಡಿ. ನಾನು ಪೆಲ್ ಮನೆಗೆ ಗಂಟೆ ಬಾರಿಸಬೇಕು."

ಲಿಯೋಟಾ ಮರೆತಿರಲಿಲ್ಲ. ಇಷ್ಟು ವರ್ಷ ಶಪಿಸಿದ್ದು ಒಬ್ಬ ನಿರಪರಾಧಿಯನ್ನು. ಅಳು ಬಂತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಆ ಸಾಲನ್ನು ಅವಳೇ ಇನ್ನೊಮ್ಮೆ ಓದಿಕೊಂಡಳು, 'ಎಲ್ಲರೂ ಫೋನ್ ಕೆಳಗಿಡಿ' ಎಂಬಲ್ಲಿ ತಡೆದು ನಿಂತಳು.

ಆ ಕಾಲದಲ್ಲಿ ಹೊಳೆದಂಡೆಯ ಮನೆಗಳೆಲ್ಲ ಒಂದೇ ಟೆಲಿಫೋನ್ ತಂತಿಗೆ ಜೋತುಬಿದ್ದಿದ್ದವು. ಯಾರ ಮನೆಗೆ ಗಂಟೆ ಬಾರಿಸಿದರೂ ಎಲ್ಲರೂ ಫೋನೆತ್ತಿ ಕಿವಿಗೊಡುತ್ತಿದ್ದರು. ಕದ್ದು ಕೇಳುವುದು ಪಾಪವೆಂದು ಪಾದ್ರಿಯೂ ಹೇಳಿರಲಿಲ್ಲ, ಅವನೂ ಕೇಳುತ್ತಿದ್ದ. ಆದರೆ ಎಷ್ಟು ಮಂದಿ ಎತ್ತಿದರೆ ಅಷ್ಟು ಕರೆಂಟು ಹಂಚಿಹೋಗಿ, ತಂತಿಯ ತುದಿಯ ಮನೆಯ ಗಂಟೆ ಮಿಸುಕುತ್ತಲೂ ಇರಲಿಲ್ಲ. ಇದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ತಂತಿಯ ತುದಿಯಲ್ಲಿದ್ದದ್ದು ಪೆಲ್ ಮನೆ.

"ಈ ಮಾತು ನಿಮಗೆ ಹೇಗೆ ಗೊತ್ತಾಯ್ತು, ವೆಂಡೆಲ್?" ಎಂದಳು ಆರ್ಡಿತ್.

"ಗೊತ್ತಿಲ್ದೆ ಏನು, ನಾವೇ ಕೇಳಿಸ್ಕೊಂಡ್ವಲ್ಲ. ಪಾಪ, ಮತ್ತೆ ಮತ್ತೆ ಅದನ್ನೇ ಹೇಳ್ತಿದ್ಳು. ಆಮೇಲೆ ತಂತಿ ಸತ್ತೋಯ್ತು."

"ಯಾರ್ಯಾರು ಕೇಳಿದ್ರಿ? ಕೈ ಎತ್ತಿ ನೋಡೋಣ."

ಮುದಿ ಕೈಗಳು ಹೆಮ್ಮೆಯಿಂದ ಮೇಲೆದ್ದವು. ಅವರಿಗೆ ಅದು ಊರಿನ ಇತಿಹಾಸಕ್ಕೆ ತಾವು ಹೇಳುವ ಸಾಕ್ಷಿ. ಪಾದ್ರಿಯ ವಿಧವೆಯೂ ಎತ್ತಿದಳು.

"ಅವಳು ಕೆಳಗಿಡಿ ಅಂದಾಗ ಇಟ್ಟೋರು ಯಾರು?"

ಹೆದ್ದಾರಿಯಲ್ಲಿ ಒಂದು ಲಾರಿ ಹಾದುಹೋಯಿತು. ಕೈಗಳು ಒಂದೊಂದಾಗಿ ಇಳಿದವು. ಆರ್ಡಿತ್‌ಳ ಪಕ್ಕದಲ್ಲಿ ಒಂದು ಕೈ ಮಾತ್ರ ಇಳಿಯುವುದನ್ನೂ ಮರೆತು ಹಾಗೇ ನಿಂತಿತ್ತು. ಒಂಬತ್ತನೇ ವಯಸ್ಸಿನಿಂದ ಅವಳಿಗೆ ತಲೆ ಬಾಚಿದ ಕೈ ಅದು.